ಬೆಕ್ಕಿನ ಮರಿ ಒಂಟಿಯಾಗಿ ಕಂಡರೆ ಎತ್ತಬೇಡಿ, ಕಾಯಿರಿ

ನಮ್ಮದು ಚಳ್ಳಕೆರೆ ಸೀಮೆಯ ಖುಷ್ಕಿ ಜಮೀನು, ಆರು ಎಕರೆ. ಮಳೆ ಬಂದರೆ ಶೇಂಗಾ, ಅಕ್ಕಡಿ ಸಾಲಿಗೆ ತೊಗರಿ, ಮನೆ ಹೊಟ್ಟೆಗೆ ಒಂದಿಷ್ಟು ಸಜ್ಜೆ, ನವಣೆ. ಎರಡು ಎಮ್ಮೆ, ಹತ್ತು ಹನ್ನೆರಡು ಮೇಕೆ. ನಮ್ಮ ಪತ್ರಿಕೆಯಲ್ಲಿ ದನ, ಕುರಿ, ಕೋಳಿ, ಜೇನು ಎಲ್ಲದರ ಬಗ್ಗೆಯೂ ರೈತರು ಬರೆದಿದ್ದಾರೆ. ಬೆಕ್ಕಿನ ಬಗ್ಗೆ ಯಾರೂ ಬರೆದ ನೆನಪಿಲ್ಲ. ಆದರೆ ಬಿತ್ತನೆ ಶೇಂಗಾ ಮನೆಯಲ್ಲಿ ಇಟ್ಟುಕೊಳ್ಳುವ ಪ್ರತಿ ರೈತನ ಮನೆಯಲ್ಲೂ ಒಂದು ಬೆಕ್ಕು ಇದ್ದೇ ಇರುತ್ತದೆ. ಸಂಬಳ ಕೇಳದ ಆಳು ಅದು. ಅದಕ್ಕೆ ನಾವು ಮಾಡುವ ಉಪಕಾರವೇ ಎಷ್ಟೋ ಸಲ ಅದರ ಮರಿಗಳ ಪ್ರಾಣ ತೆಗೆಯುತ್ತದೆ. ನಾನೂ ಹಾಗೆ ನಾಲ್ಕು ಮರಿ ಸಾಯಿಸಿದವನು. ಅದಕ್ಕೇ ಈ ಬರಹ.

2016ರ ಬೇಸಿಗೆ. ನಮ್ಮ ಬೂದು ಬೆಕ್ಕು ತುಂಬಿದ ಹೊಟ್ಟೆಯಲ್ಲಿ ಓಡಾಡುತ್ತಿತ್ತು. ಎಲ್ಲಿ ಮರಿ ಹಾಕಿತೋ ಗೊತ್ತಾಗಲಿಲ್ಲ. ಒಂದು ದಿನ ಎಮ್ಮೆಗೆ ಹೊಟ್ಟು ತರಲು ಹೋದಾಗ ಶೇಂಗಾ ಬಳ್ಳಿ ಬಣವೆಯ ಸಂದಿಯಲ್ಲಿ ನಾಲ್ಕು ಮರಿ ಕಂಡವು. ಕಣ್ಣು ಬಿಟ್ಟಿರಲಿಲ್ಲ. ಒಂದರ ಮೇಲೊಂದು ಬಿದ್ದು ಮಲಗಿದ್ದವು. ತಾಯಿ ಇರಲಿಲ್ಲ. ಸಂಜೆ ಹೋಗಿ ನೋಡಿದೆ, ಆಗಲೂ ಇರಲಿಲ್ಲ. "ಬಿಟ್ಟು ಹೋಗಿದೆ ಕಣೇ, ಪಾಪ" ಅಂತ ಮನೆಯಾಕೆಗೆ ಹೇಳಿ ಮಂಕರಿಯಲ್ಲಿ ಹಾಕಿಕೊಂಡು ಬಂದೆ. ಎಮ್ಮೆ ಹಾಲು ಗಟ್ಟಿ ಅಂತ ಅರ್ಧಕ್ಕರ್ಧ ನೀರು ಬೆರೆಸಿ, ಮಗುವನ್ನು ಮಲಗಿಸಿದ ಹಾಗೆ ಅಂಗಾತ ಮಲಗಿಸಿ, ಹತ್ತಿ ಬತ್ತಿಯಿಂದ ಬಾಯಿಗೆ ಹಿಂಡಿದೆ. ಹೊಟ್ಟೆ ಡೊಳ್ಳಾಯಿತು. ಕುಡಿದವು ಅಂತ ಸಂತೋಷಪಟ್ಟೆ. ರಾತ್ರಿ ಮಂಕರಿಯನ್ನು ತಣ್ಣನೆ ನೆಲದ ಮೇಲೆ ಇಟ್ಟು ಬಾಗಿಲು ಹಾಕಿಕೊಂಡು ಮಲಗಿದೆವು.

ಮಾರನೇ ದಿನ ಒಂದು ಸತ್ತಿತ್ತು. ಮೂರನೇ ದಿನದ ಹೊತ್ತಿಗೆ ನಾಲ್ಕೂ ಹೋದವು. ಆ ಎರಡೂ ರಾತ್ರಿ ತಾಯಿ ಬೆಕ್ಕು ಬಣವೆ ಸುತ್ತ, ಮನೆ ಸೂರಿನ ಮೇಲೆ ಕೂಗುತ್ತಾ ತಿರುಗಿತು. ನಾನು ಅದನ್ನು ಓಡಿಸಿದೆ, ಮರಿಗಳನ್ನು ತಿಂದುಬಿಟ್ಟೀತು ಅಂತ. ಆಮೇಲೆ ಅದು ನಮ್ಮ ಮನೆ ಕಡೆ ಬರಲೇ ಇಲ್ಲ. ಆ ವರ್ಷ ಬಿತ್ತನೆಗೆ ಇಟ್ಟ ಆರು ಚೀಲ ಶೇಂಗಾದಲ್ಲಿ ಇಲಿಗಳು ಹತ್ತಿರ ಹತ್ತಿರ ಒಂದು ಚೀಲ ಸಿಪ್ಪೆ ಮಾಡಿದವು.

ಎಮ್ಮೆಗೆ ಹುಷಾರಿಲ್ಲದೆ ಪಶು ಆಸ್ಪತ್ರೆಗೆ ಹೋದಾಗ ಡಾಕ್ಟ್ರ ಹತ್ತಿರ ಮಾತಿಗೆ ಮಾತು ಬಂದು ಈ ಕತೆ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ. "ಯಜಮಾನ್ರೆ, ನೀವು ನೋಡ್ದಾಗ ಮರಿ ಬೆಚ್ಚಗಿದ್ವಾ? ಹೊಟ್ಟೆ ತುಂಬಿತ್ತಾ?" ಹೌದು, ದುಂಡಗೆ ಬೆಚ್ಚಗೆ ಇದ್ದವು ಅಂದೆ. "ಹಂಗಾದ್ರೆ ಅವಕ್ಕೆ ತಾಯಿ ಇತ್ತು. ಬೇಟೆಗೆ ಹೋಗಿತ್ತು ಅಷ್ಟೆ. ಅನಾಥ ಮಾಡಿದ್ದು ನೀವು." ಆ ಮಾತು ಮನಸ್ಸಿನಿಂದ ಹೋಗಲಿಲ್ಲ. ಅವತ್ತಿನಿಂದ ಬೆಕ್ಕಿನ ಸೂಲಿನ ಬಗ್ಗೆ ಕೇಳಿ, ನೋಡಿ, ಮಾಡಿ ತಿಳಿದುಕೊಂಡದ್ದನ್ನು ಕೆಳಗೆ ಬರೆದಿದ್ದೇನೆ.

ತಾಯಿ ಕಾಣದಿದ್ದರೆ ಬಿಟ್ಟು ಹೋಗಿದೆ ಎನ್ನುವುದು

ಎಲ್ಲಕ್ಕಿಂತ ಹೆಚ್ಚು ಮರಿ ಸಾಯುವುದು ಈ ತಪ್ಪು ತಿಳುವಳಿಕೆಯಿಂದ ಅಂತ ನನಗನ್ನಿಸುತ್ತದೆ. ಮರಿ ಹಾಕಿದ ಮೊದಲ ಒಂದೆರಡು ದಿನ ತಾಯಿ ಹೆಚ್ಚು ಹೊತ್ತು ಬಿಟ್ಟಿರುವುದಿಲ್ಲ. ಆಮೇಲೆ ಅದಕ್ಕೂ ಹೊಟ್ಟೆಪಾಡು ಇದೆಯಲ್ಲ. ಒಂದು ಗಂಟೆ, ಎರಡು ಗಂಟೆ, ಕೆಲವು ಸಲ ಇನ್ನೂ ಹೆಚ್ಚು ಹೊತ್ತು ಹೊರಗೆ ಹೋಗುತ್ತದೆ. ನಾವು ಅಲ್ಲೇ ನಿಂತು ನೋಡುತ್ತಿದ್ದರೆ ಎಲ್ಲೋ ಮರೆಯಲ್ಲಿ ಕೂತು ನಾವು ಹೋಗುವುದನ್ನು ಕಾಯುತ್ತದೆಯೇ ಹೊರತು ಬರುವುದಿಲ್ಲ. ನಾನು ಸಂಜೆ ಹೋಗಿ ನಿಂತಾಗ ಆಗಿದ್ದೂ ಅದೇ ಇರಬೇಕು.

ಮರಿಗಳನ್ನು ನೋಡಿಯೇ ಹೇಳಬಹುದು. ಗುಂಪಾಗಿ ಬೆಚ್ಚಗೆ ಮಲಗಿವೆ, ಹೊಟ್ಟೆ ದುಂಡಗಿದೆ, ಮೈ ಚೊಕ್ಕಟವಾಗಿದೆ, ಸುಮ್ಮನಿವೆ ಅಂದರೆ ತಾಯಿ ಬಂದು ಹೋಗುತ್ತಿದೆ. ಬಿಟ್ಟೂ ಬಿಡದೆ ಅರಚುತ್ತಿವೆ, ಹೊಟ್ಟೆ ಬೆನ್ನಿಗಂಟಿದೆ, ಮೈಗೆಲ್ಲ ಹೇಲು ಮೆತ್ತಿದೆ, ಮುಟ್ಟಿದರೆ ತಣ್ಣಗಿವೆ ಅಂದರೆ ತೊಂದರೆ ಇದೆ.

ಅನುಮಾನ ಬಂದರೆ ಒಂದು ಸುಲಭ ಉಪಾಯ ಉಂಟು. ಗೂಡಿನ ಸುತ್ತ ಒಂದು ಮೊಳ ಆಚೆ ಆರಿದ ಒಲೆ ಬೂದಿಯನ್ನು ತೆಳ್ಳಗೆ ಉದುರಿಸಿ ದೂರ ಹೋಗಿಬಿಡಿ. ನಾಲ್ಕೈದು ಗಂಟೆ ಬಿಟ್ಟು ಬನ್ನಿ. ಬೂದಿಯ ಮೇಲೆ ಹೆಜ್ಜೆ ಮೂಡಿದ್ದರೆ ತಾಯಿ ಬಂದಿದೆ. ಮರಿ ತಣ್ಣಗಾಗಿ ಸೋತಿದ್ದರೆ, ಇಲ್ಲವೇ ಮಳೆಯಲ್ಲಿ ನೆನೆಯುತ್ತಿದ್ದರೆ ಮಾತ್ರ ಇಷ್ಟು ಹೊತ್ತು ಕಾಯಬಾರದು.

ದಾರಿಯಲ್ಲಿ ಒಂದೇ ಒಂದು ಮರಿ ಬಿದ್ದಿದ್ದರೂ ಅವಸರ ಬೇಡ. ತಾಯಿ ಮರಿಗಳನ್ನು ಒಂದೊಂದಾಗಿ ಸಾಗಿಸುತ್ತದೆ. ಒಂದನ್ನು ಇಟ್ಟು ಇನ್ನೊಂದಕ್ಕೆ ಹೋಗಿರುತ್ತದೆ. ನಾಯಿ ಕಾಟ ಇದ್ದರೆ ಪಕ್ಕದ ಎತ್ತರದ ಜಾಗದಲ್ಲಿ ಇಟ್ಟು ದೂರ ನಿಲ್ಲಿ.

ಮನುಷ್ಯರು ಮುಟ್ಟಿದರೆ ತಾಯಿ ಸೇರಿಸುವುದಿಲ್ಲ ಎನ್ನುವುದು

ಇದು ನಮ್ಮ ಕಡೆ ಎಲ್ಲರ ಬಾಯಲ್ಲೂ ಇರುವ ಮಾತು. ಮನುಷ್ಯರ ವಾಸನೆ ತಾಗಿತು ಅಂತ ಬೆಕ್ಕು ಮರಿ ಬಿಡುವುದಿಲ್ಲ. ಮನೆಯಲ್ಲಿ ಬೆಳೆದ ಬೆಕ್ಕಿಗೆ ನಮ್ಮ ವಾಸನೆ ಹೊಸದೇನಲ್ಲ. ನೀವು ಅಪ್ಪಿತಪ್ಪಿ ಎತ್ತಿಕೊಂಡು ಬಂದಿದ್ದರೆ ಆ ದಿನವೇ ವಾಪಸು ತೆಗೆದುಕೊಂಡು ಹೋಗಿ ಅದೇ ಜಾಗದಲ್ಲಿ ಇಡಿ. ತಾಯಿ ಸೇರಿಸಿಕೊಳ್ಳುತ್ತದೆ. ಈ ಮೂಢನಂಬಿಕೆ ಇರುವುದರಿಂದಲೇ "ಹೆಂಗೂ ಮುಟ್ಟಾಗಿದೆ, ಇನ್ನು ತಾಯಿ ಸೇರಿಸಲ್ಲ" ಅಂತ ಜನ ಮರಿಗಳನ್ನು ಮನೆಯಲ್ಲೇ ಇಟ್ಟುಕೊಂಡು ಸಾಯಿಸುತ್ತಾರೆ.

ಆದರೆ ಮಕ್ಕಳು ಗಳಿಗೆಗೊಂದು ಸಲ ಹೋಗಿ ಎತ್ತಿ ಆಡಿಸಿದರೆ ತಾಯಿ ಹೆದರಿ ಬೇರೆ ಕಡೆಗೆ ಸಾಗಿಸುತ್ತದೆ. ಆದ್ದರಿಂದ ಮೊದಲ ಎರಡು ವಾರ ದಿನಕ್ಕೊಮ್ಮೆ ದೂರದಿಂದ ನೋಡಿದರೆ ಸಾಕು. ಎರಡು ವಾರದಿಂದ ಏಳು ವಾರದ ತನಕ ದಿನಾ ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದು ಸವರಬೇಕು. ಆ ದಿನಗಳಲ್ಲಿ ಕೈ ಬಳಕೆ ಆಗದ ಮರಿ ಮುಂದೆ ಕಾಡುಬೆಕ್ಕಿನ ಹಾಗೆ ಮನುಷ್ಯರನ್ನು ಕಂಡರೆ ಓಡುತ್ತದೆ.

ಏಳು ಮನೆ ಲೆಕ್ಕ

ಬೆಕ್ಕು ಮರಿಗಳನ್ನು ಏಳು ಮನೆ ಸುತ್ತಿಸುತ್ತದೆ, ಏಳು ಮನೆ ಆದ ಮೇಲೇ ಕಣ್ಣು ಬಿಡುವುದು ಅಂತ ನಮ್ಮವ್ವ ಹೇಳುತ್ತಿದ್ದಳು. ಸಾಗಿಸುವುದು ನಿಜ, ಏಳು ಎನ್ನುವ ಲೆಕ್ಕ ಸುಳ್ಳು. ನಮ್ಮ ಮನೆಯಲ್ಲಿ ಈಗಿರುವ ಬೆಕ್ಕು ಒಂದು ಸೂಲಿನಲ್ಲಿ ಮೂರು ಸಲ ಜಾಗ ಬದಲಿಸಿತು. ಮೊದಲು ಅಟ್ಟ, ಆಮೇಲೆ ಗೊಬ್ಬರದ ಚೀಲದ ಸಂದಿ, ಕೊನೆಗೆ ಅಡುಗೆ ಮನೆಯ ಸೌದೆ ಮೂಲೆ. ಇನ್ನೊಂದು ಸೂಲಿನಲ್ಲಿ ಒಂದು ಸಲವೂ ಬದಲಿಸಲಿಲ್ಲ.

ಜಾಗ ಬದಲಿಸಲು ಅದಕ್ಕೆ ಕಾರಣ ಇರುತ್ತದೆ. ಜನರ ಓಡಾಟ, ಚಿಗಟ, ಕೆಂಪಿರುವೆ, ಗೂಡಿನ ವಾಸನೆಗೆ ನಾಯಿ ಬರುವುದು, ತಗಡಿನ ಕೆಳಗಿನ ಬಿಸಿಲ ಧಗೆ, ಗಂಡು ಬೆಕ್ಕಿನ ಕಾಟ. ಅಟ್ಟದಲ್ಲಿ ಹಾಕಿದ್ದನ್ನು ಬದಲಿಸಿದ್ದು ಯಾಕೆ ಅಂತ ಹತ್ತಿ ನೋಡಿದರೆ ತಗಡು ಕಾದ ಹೆಂಚಿನಂತಿತ್ತು. ಮರಿ ಒಂದೇ ಕಡೆ ಇರಬೇಕು ಅಂತ ನಿಮಗೆ ಆಸೆಯಿದ್ದರೆ ಕತ್ತಲೆಯ, ಒಣಗಿದ, ನಾಯಿ ಹೋಗದ ಮೂಲೆಯಲ್ಲಿ ಒಂದು ರಟ್ಟಿನ ಡಬ್ಬಿ ಇಟ್ಟು ಹಳೇ ಸೀರೆ ಹಾಸಿ. ಬಟ್ಟೆ ಒದ್ದೆಯಾದರೆ ಬದಲಿಸಿ. ಫಿನೈಲ್ ಮಾತ್ರ ಹಾಕಬೇಡಿ, ಬೆಕ್ಕಿನ ಜಾತಿಗೆ ಅದು ವಿಷ.

ಕಣ್ಣು ಬಿಡುವುದು

ಬೆಕ್ಕಿನ ಬಸಿರು ಒಂಬತ್ತು ವಾರ. ಮರಿ ಹುಟ್ಟಿದಾಗ ನೂರು ಗ್ರಾಂ ಆಸುಪಾಸು ತೂಗುತ್ತದೆ. ಕಣ್ಣು ಮುಚ್ಚಿರುತ್ತದೆ, ಕಿವಿ ಮಡಚಿರುತ್ತದೆ. ವಾಸನೆ ಮತ್ತು ಕಾವು ಹಿಡಿದು ತಾಯಿ ಮೊಲೆ ಹುಡುಕುತ್ತದೆ. ಕೆಲವೇ ದಿನದಲ್ಲಿ ಪ್ರತಿ ಮರಿಯೂ ಹೆಚ್ಚಾಗಿ ತನ್ನದೇ ಒಂದು ಮೊಲೆ ಅಂತ ಗುರುತು ಮಾಡಿಕೊಳ್ಳುತ್ತದೆ. ಹೊಕ್ಕುಳ ಬಳ್ಳಿ ನಾಲ್ಕೈದು ದಿನದಲ್ಲಿ ಒಣಗಿ ಉದುರುತ್ತದೆ. ಕಣ್ಣು ಏಳರಿಂದ ಹದಿನಾಲ್ಕು ದಿನದೊಳಗೆ ಬಿಡುತ್ತದೆ. ಒಂದು ಕಣ್ಣು ಮೊದಲು, ಇನ್ನೊಂದು ಮಾರನೇ ದಿನ ಬಿಟ್ಟರೂ ಹೆದರಬೇಕಾಗಿಲ್ಲ. ಎಲ್ಲ ಮರಿಗಳ ಕಣ್ಣೂ ಮೊದಲು ನೀಲಿಯೇ. ನಿಜವಾದ ಬಣ್ಣ ಒಂದೂವರೆ ಎರಡು ತಿಂಗಳಿಗೆ ಬರತೊಡಗುತ್ತದೆ. ಮೂರನೇ ವಾರಕ್ಕೆ ತಡವರಿಸುತ್ತಾ ನಡೆಯುತ್ತವೆ. ಹಲ್ಲು ಮೂಡುವುದೂ ಆಗಲೇ.

ಕಣ್ಣು ಬಿಡಲು ತಡವಾಯಿತು ಅಂತ ಬೆರಳಿನಿಂದ ರೆಪ್ಪೆ ಬಿಡಿಸುವವರನ್ನು ನೋಡಿದ್ದೇನೆ. ಎಳೆ ಕಣ್ಣು ಅದರಿಂದಲೇ ಹಾಳಾಗುತ್ತದೆ. ಹರಳೆಣ್ಣೆಯೂ ಬೇಡ, ಎದೆಹಾಲೂ ಬೇಡ. ಮುಚ್ಚಿದ ರೆಪ್ಪೆ ಊದಿಕೊಂಡು ಕೀವು ಕಂಡರೆ ಮಾತ್ರ ಕುದಿಸಿ ಆರಿಸಿದ ಬೆಚ್ಚನೆ ನೀರಿನಲ್ಲಿ ಹತ್ತಿ ಅದ್ದಿ ಮೆಲ್ಲಗೆ ಒರೆಸಿ, ಅದೇ ದಿನ ಡಾಕ್ಟ್ರಿಗೆ ತೋರಿಸಿ.

ತಾಯಿಯೇ ಮರಿ ತಿನ್ನುತ್ತದೆ ಎನ್ನುವುದು

ಹಾಕಿದ ಕೂಡಲೇ ತಾಯಿ ಮಾಸನ್ನು ತಿನ್ನುತ್ತದೆ. ಅದನ್ನು ನೋಡಿ ಮರಿ ತಿಂದಿತು ಅಂತ ಹುಯಿಲೆಬ್ಬಿಸುವವರಿದ್ದಾರೆ. ಸತ್ತು ಹುಟ್ಟಿದ ಮರಿಯನ್ನೋ, ಉಳಿಯದ ಮರಿಯನ್ನೋ ಕೆಲವು ಬೆಕ್ಕು ತಿನ್ನುವುದೂ ಉಂಟು. ಗೂಡಿನಲ್ಲಿ ಹೆಣ ಕೊಳೆತರೆ ಉಳಿದ ಮರಿಗಳಿಗೆ ಅಪಾಯ ತಾನೆ. ಆದರೆ ಆರೋಗ್ಯವಾಗಿರುವ ಮರಿಯನ್ನು ಹಸಿವಿಗೆ ತಾಯಿ ತಿನ್ನುತ್ತದೆ ಅಂತ ಹೆದರಿ ಬೇರೆ ಮಾಡಬೇಡಿ. ನಾನು ಆ ತಾಯಿಯನ್ನು ಎರಡು ರಾತ್ರಿ ಓಡಿಸಿದ್ದು ಈ ಹೆದರಿಕೆಗೇ.

ಗಂಡು ಬೆಕ್ಕು ಮರಿ ಕೊಲ್ಲುವುದು ಮಾತ್ರ ನಿಜ. ಎಲ್ಲ ಗಂಡೂ ಕೊಲ್ಲುವುದಿಲ್ಲ, ಹೊರಗಿನಿಂದ ಬಂದ ಗಂಡು ಕೊಲ್ಲುವುದುಂಟು. ತಾಯಿ ಒಳಗೆ ಹೋಗಿ ಬರುವಷ್ಟೇ ಕಿಂಡಿ ಇರುವ ಜಾಗ ಮರಿಗಳಿಗೆ ಕ್ಷೇಮ.

ಹೊಟ್ಟೆ ತುಂಬಿದರೆ ಇಲಿ ಹಿಡಿಯುವುದಿಲ್ಲ ಎನ್ನುವುದು

ಇದು ನಮ್ಮಂಥ ರೈತರೇ ಹುಟ್ಟಿಸಿದ ಸುಳ್ಳು ಇರಬೇಕು. ಬೆಕ್ಕಿಗೆ ಬೇಟೆ ಹಸಿವಿಗಷ್ಟೇ ಅಲ್ಲ, ಅದು ಅದರ ಹುಟ್ಟುಗುಣ. ಉಂಡ ಬೆಕ್ಕೂ ಇಲಿ ಕಂಡರೆ ಬಿಡುವುದಿಲ್ಲ. ಹಾಲೂಡುವ ತಾಯಿಗಂತೂ ಮಾಮೂಲಿಗಿಂತ ಎರಡು ಮೂರು ಪಾಲು ಮೇವು ಬೇಕು. ಅದನ್ನು ಉಪವಾಸ ಕೆಡವಿದರೆ ಹಾಲು ಬತ್ತುತ್ತದೆ, ಆಹಾರ ಹುಡುಕುತ್ತಾ ದೂರ ಹೋಗುತ್ತದೆ, ಮರಿಗಳು ಹೆಚ್ಚು ಹೊತ್ತು ಒಂಟಿಯಾಗುತ್ತವೆ. ನಾವು ಮುದ್ದೆ, ಅನ್ನಕ್ಕೆ ಹಾಲು ಕಲಸಿ ಹಾಕುತ್ತೇವೆ. ಅದು ಸಾಲದು, ಬೆಕ್ಕು ಮಾಂಸ ತಿನ್ನುವ ಜಾತಿ. ಬಾಣಂತನದ ತಿಂಗಳಲ್ಲಿ ದಿನಕ್ಕೊಂದು ಬೆಂದ ಮೊಟ್ಟೆ, ಸಂತೆ ದಿನ ತಂದ ಕೋಳಿ ಕರುಳು ತಲೆ ಬೇಯಿಸಿದ್ದು, ಇಲ್ಲವೇ ಮೀನಿನ ತಲೆ ಹಾಕಿ. ನಮ್ಮ ಬಯಲುಸೀಮೆಯ ಬೇಸಿಗೆಯಲ್ಲಿ ಒಂದು ಚಿಪ್ಪು ನೀರು ಯಾವಾಗಲೂ ಹತ್ತಿರ ಇರಲಿ.

ಹಿರಿಯರ ಮಾತು ನಿಜವಾದದ್ದೂ ಉಂಟು

ಮೂರು ಬಣ್ಣದ ಮರಿ ಹೆಣ್ಣೇ ಅಂತ ಅವ್ವ ಹೇಳುತ್ತಿದ್ದಳು. ಇದು ಹೆಚ್ಚು ಕಡಿಮೆ ಪೂರ್ತಿ ನಿಜ. ಕೆಂಪು ಬಣ್ಣ ಕೊಡುವ ಗುಣ ಇರುವುದು ಎಕ್ಸ್ ಎನ್ನುವ ವರ್ಣತಂತುವಿನಲ್ಲಿ. ಹೆಣ್ಣಿಗೆ ಅದು ಎರಡು, ಗಂಡಿಗೆ ಒಂದು. ಆದ್ದರಿಂದ ಕೆಂಪು, ಕಪ್ಪು ಎರಡೂ ಒಂದೇ ಮೈಮೇಲೆ ಬರಬೇಕಾದರೆ ಹೆಣ್ಣಾಗಿರಬೇಕು. ಅಪರೂಪಕ್ಕೆ ಗಂಡು ಹುಟ್ಟಿದರೂ ಸಾಮಾನ್ಯವಾಗಿ ಅದರಿಂದ ಸಂತಾನ ಆಗುವುದಿಲ್ಲ. ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ಅಪ್ಪಂದಿರು ಇರಬಹುದು ಎನ್ನುವ ಊರ ತಮಾಷೆಯೂ ನಿಜವೇ.

ತಾಯಿ ನಿಜವಾಗಿ ಸತ್ತರೆ

2019ರಲ್ಲಿ ಹಾಗೂ ಆಯಿತು. ನಮ್ಮ ಕಪ್ಪು ಬೆಕ್ಕು ಎಲ್ಲೋ ವಿಷ ತಿಂದ ಇಲಿಯನ್ನು ತಿಂದು ಬಂದು ಹಿತ್ತಲಲ್ಲಿ ಸತ್ತಿತು. ಹತ್ತು ದಿನದ ಮೂರು ಮರಿ. ಈ ಸಲ ಡಾಕ್ಟ್ರಿಗೆ ಮೊದಲೇ ಫೋನು ಮಾಡಿದೆ. ಅವರು ಹೇಳಿದ ಮೊದಲ ಮಾತು, "ಹಾಲು ಆಮೇಲೆ, ಮೊದ್ಲು ಕಾವು ಕೊಡಿ."

ಎಳೆ ಮರಿಗೆ ತನ್ನ ಮೈ ಬಿಸಿ ತಾನೇ ಕಾಯ್ದುಕೊಳ್ಳಲು ಮೂರು ನಾಲ್ಕು ವಾರ ಆಗುವವರೆಗೆ ಬರುವುದಿಲ್ಲ. ತಾಯಿ ಮತ್ತು ಒಡಹುಟ್ಟಿದವುಗಳ ಮೈಯೇ ಅದಕ್ಕೆ ಒಲೆ. ಮೈ ತಣ್ಣಗಾದರೆ ಕರುಳು ಕೆಲಸ ನಿಲ್ಲಿಸುತ್ತದೆ. ಆಗ ಹಾಲು ಹಾಕಿದರೆ ಹೊಟ್ಟೆಯಲ್ಲೇ ಕೆಡುತ್ತದೆ. 2016ರಲ್ಲಿ ನಾನು ಮಾಡಿದ ತಪ್ಪುಗಳಲ್ಲಿ ಇದು ಒಂದು. ಬಿಸಿನೀರು ತುಂಬಿದ ಬಾಟಲಿಗೆ ದಪ್ಪ ಬಟ್ಟೆ ಸುತ್ತಿ ಡಬ್ಬಿಯ ಒಂದು ಪಕ್ಕದಲ್ಲಿ ಇಡಬೇಕು. ಕಾವು ಹೆಚ್ಚಾದರೆ ಮರಿ ಸರಿದುಕೊಳ್ಳಲು ಇನ್ನೊಂದು ಪಕ್ಕ ಖಾಲಿ ಇರಬೇಕು. ನೀರು ಆರಿದಂತೆ ಬದಲಿಸಬೇಕು.

ಇನ್ನು ಹಾಲು. ಬೆಕ್ಕಿನ ಹಾಲಿನಲ್ಲಿ ಹಸುವಿನ ಹಾಲಿಗಿಂತ ಪ್ರೋಟೀನು ಸುಮಾರು ಎರಡು ಪಾಲು. ಹಸು, ಎಮ್ಮೆ ಯಾವ ಹಾಲಿಗೂ ನೀರು ಬೆರೆಸಿದರೆ ಮರಿ ಹೊಟ್ಟೆ ಉಬ್ಬಿಸಿಕೊಂಡು ಸೊರಗುತ್ತದೆ, ಭೇದಿಯೂ ಆಗುತ್ತದೆ. ಬೆಕ್ಕಿನ ಮರಿಗೆಂದೇ ಮಾಡಿದ ಹಾಲಿನ ಪುಡಿ ದೊಡ್ಡ ಊರುಗಳಲ್ಲಿ ಸಿಗುತ್ತದೆ, ಅದೇ ಒಳ್ಳೆಯದು. ಅದು ಕೈಗೆ ಬರುವ ತನಕ ಒಂದೆರಡು ದಿನಕ್ಕೆ ನೀರು ಬೆರೆಸದ ಮೇಕೆ ಹಾಲು ಕುದಿಸಿ ಆರಿಸಿ, ಮೊಟ್ಟೆಯ ಹಳದಿ ಸ್ವಲ್ಪ ಕದಡಿ ಕೊಡಿ ಅಂದರು. ಉಗುರು ಬೆಚ್ಚಗಿರಬೇಕು. ಸೂಜಿ ತೆಗೆದ ಸಿರಿಂಜಿನಲ್ಲಿ ತೊಟ್ಟು ತೊಟ್ಟಾಗಿ ಕೊಡಬೇಕು. ನೂರು ಗ್ರಾಂ ತೂಕದ ಮರಿಗೆ ಒಂದು ಸಲಕ್ಕೆ ನಾಲ್ಕು ಮಿಲಿಯಷ್ಟು, ಅದಕ್ಕಿಂತ ಹೆಚ್ಚು ಬೇಡ. ಮೊದಲ ವಾರ ಎರಡು ಮೂರು ಗಂಟೆಗೊಮ್ಮೆ, ಎರಡನೇ ವಾರ ಮೂರು ನಾಲ್ಕು ಗಂಟೆಗೊಮ್ಮೆ, ರಾತ್ರಿಯೂ ಸೇರಿ.

ಅಂಗಾತ ಮಲಗಿಸಿ ಕುಡಿಸಲೇಬಾರದು, ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ತಾಯಿ ಹತ್ತಿರ ಕುಡಿಯುವಂತೆ ಹೊಟ್ಟೆ ಕೆಳಗಾಗಿ ಇರಬೇಕು. ಕುಡಿದಾದ ಮೇಲೆ ಇನ್ನೊಂದು ಕೆಲಸ ಉಂಟು, ಇದು ನನಗೆ ಗೊತ್ತೇ ಇರಲಿಲ್ಲ. ಎಳೆ ಮರಿ ತಾನಾಗಿ ಉಚ್ಚೆ, ಹೇಲು ಮಾಡುವುದಿಲ್ಲ. ತಾಯಿ ನೆಕ್ಕಿ ಮಾಡಿಸುತ್ತದೆ. ನಾವು ಬೆಚ್ಚನೆ ನೀರಲ್ಲಿ ಅದ್ದಿ ಹಿಂಡಿದ ಹತ್ತಿಯಿಂದ ಬಾಲದ ಕೆಳಗೆ ಮೆಲ್ಲಗೆ ಒರೆಸಬೇಕು. ಮೂರು ವಾರ ದಾಟುವ ತನಕ ಪ್ರತಿ ಸಲವೂ. ಇದನ್ನು ಮಾಡದೆ ಹೊಟ್ಟೆ ಉಬ್ಬಿ ಸತ್ತ ಮರಿಗಳು ಲೆಕ್ಕವಿಲ್ಲ.

ಮೂರರಲ್ಲಿ ಒಂದು ಮರಿ ಮೊದಲ ರಾತ್ರಿಯೇ ಸತ್ತಿತು, ನಾವು ನೋಡುವ ಹೊತ್ತಿಗೇ ಅದು ತೀರಾ ತಣ್ಣಗಾಗಿತ್ತು. ಉಳಿದೆರಡಕ್ಕೆ ನಮ್ಮ ಮನೆಯಾಕೆ ಎರಡು ಹಗಲು ಎರಡು ರಾತ್ರಿ ಎದ್ದೆದ್ದು ಹಾಲು ಕೊಟ್ಟಳು. ಕಿರಾಣಿ ಅಂಗಡಿ ತಕ್ಕಡಿಯಲ್ಲಿ ದಿನಾ ತೂಗಿಸಿದೆ. ದಿನಕ್ಕೆ ಹತ್ತು ಹದಿನೈದು ಗ್ರಾಂ ಏರಬೇಕು. ನಮ್ಮವು ಐದಾರು ಗ್ರಾಂ ಮಾತ್ರ ಏರುತ್ತಿದ್ದವು.

ಅಷ್ಟರಲ್ಲಿ ಹಿಂದಿನ ಬೀದಿಯ ಒಂದು ಮನೆಯಲ್ಲಿ ಬೆಕ್ಕು ಎರಡೇ ಮರಿ ಹಾಕಿದೆ ಅಂತ ಗೊತ್ತಾಯಿತು. ಡಾಕ್ಟ್ರನ್ನು ಕೇಳಿದರೆ "ಅದಕ್ಕಿಂತ ಒಳ್ಳೇದಿಲ್ಲ, ಬೆಕ್ಕು ಬೇರೆ ಮರಿನೂ ಸೇರಿಸ್ಕೊಳ್ತದೆ" ಅಂದರು. ಆ ಗೂಡಿನ ಬಟ್ಟೆಯಿಂದ ನಮ್ಮ ಮರಿಗಳ ಮೈ ಒರೆಸಿ, ತಾಯಿ ಮೇಯಲು ಹೋದಾಗ ಅದರ ಮರಿಗಳ ನಡುವೆ ಬಿಟ್ಟೆವು. ಬಾಗಿಲ ಸಂದಿಯಲ್ಲಿ ನಿಂತು ನೋಡಿದೆವು. ಬೆಕ್ಕು ಬಂತು. ಮೂಸಿತು. ನಾಲ್ಕನ್ನೂ ಸಾಲಾಗಿ ನೆಕ್ಕಿ ಮಲಗಿತು. ನಮ್ಮಾಕೆ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಆ ಮನೆಯವರಿಗೆ ಬೆಕ್ಕಿನ ಬಾಣಂತನಕ್ಕೆ ಅಂತ ಹದಿನೈದು ದಿನ ಅರ್ಧ ಲೀಟರ್ ಹಾಲು ಕೊಟ್ಟೆವು. ಎರಡೂ ಮರಿ ಉಳಿದವು. ಈಗ ನಮ್ಮ ಬೀಜದ ಕೋಣೆ ಕಾಯುತ್ತಿರುವ ಬೆಕ್ಕು ಅವುಗಳಲ್ಲಿ ಒಂದು.

ಯಾವಾಗ ಬೇರೆ ಮಾಡಬೇಕು

ನಾಲ್ಕು ವಾರಕ್ಕೆ ಮರಿ ಮೆತ್ತಗಿನ ಆಹಾರ ನೆಕ್ಕಲು ಶುರು ಮಾಡುತ್ತದೆ. ಆಗಲೇ ಎತ್ತಿಕೊಂಡು ಹೋಗಲು ಜನ ಬರುತ್ತಾರೆ. ಕೊಡಬೇಡಿ. ತಾಯಿ ಮೊದಲು ಸತ್ತ ಇಲಿ ತಂದು ಮುಂದಿಡುತ್ತದೆ, ಆಮೇಲೆ ಅರೆಜೀವದ್ದು, ಆಮೇಲೆ ಜೀವಂತದ್ದು. ಇದು ಅವುಗಳ ಶಾಲೆ. ಎಂಟು ವಾರ ತುಂಬಿದ ಮೇಲೆ ಕೊಟ್ಟರೆ ಆರೋಗ್ಯವೂ ಗಟ್ಟಿ, ಇಲಿ ಹಿಡಿಯುವುದೂ ಚೆನ್ನ.

ಚಿಗಟ ಹೆಚ್ಚಾದರೆ ಎಳೆ ಮರಿ ರಕ್ತ ಕಮ್ಮಿಯಾಗಿ ಸಾಯುತ್ತದೆ. ಹಾಗಂತ ದನದ ಉಣ್ಣೆಗೆ ಹಾಕುವ ಔಷಧಿ ಬಳಿಯಬೇಡಿ, ಅದರಲ್ಲಿ ಬೆಕ್ಕಿಗೆ ವಿಷವಾಗುವಂಥವಿವೆ. ಹೇನಿನ ಬಾಚಣಿಗೆಯಿಂದ ಬಾಚಿ ಚಿಗಟಗಳನ್ನು ಸೋಪು ನೀರಿಗೆ ಹಾಕಿ. ಜ್ವರ ಅಂತ ಮನೆಯಲ್ಲಿರುವ ಪ್ಯಾರಾಸಿಟಮಾಲ್ ಮಾತ್ರೆಯ ಚೂರೂ ಕೊಡಬಾರದು. ದೊಡ್ಡ ಬೆಕ್ಕನ್ನೂ ಅದು ಕೊಲ್ಲುತ್ತದೆ.

ಮರಿ ಮಲಗಿರುವ ಜಾಗದ ಆಸುಪಾಸು ಇಲಿ ಪಾಷಾಣ ಇಡಬೇಡಿ. ಕಾಳಿಗೆ ವಿಷದ ಗಾಳಿ ಬಿಡುವ ಗುಳಿಗೆ ಹಾಕುವವರು ಚೀಲದ ಹಿಂದೆ ಬೆಕ್ಕು ಮರಿ ಹಾಕಿದೆಯಾ ಅಂತ ಮೊದಲು ನೋಡಿ. ಜನ ಮಲಗುವ ಮನೆಯಲ್ಲಿ ಅಂತೂ ಆ ಗುಳಿಗೆ ಬೇಡವೇ ಬೇಡ.

ನಮ್ಮ ಜಾಗ್ರತೆಯೂ ಬೇಕು

ಮೇಕೆ, ಕುರಿ ಸಾಕುವವರು ಇದನ್ನು ಗಮನಿಸಿ. ಇಲಿ ತಿನ್ನಲು ಶುರು ಮಾಡಿದ ಎಳೇ ಬೆಕ್ಕುಗಳ ಹೇಲಿನಲ್ಲಿ ಟಾಕ್ಸೋಪ್ಲಾಸ್ಮಾ ಎನ್ನುವ ಪರಾವಲಂಬಿ ಒಂದೆರಡು ವಾರ ಹೊರಬೀಳಬಹುದು. ಅದು ಮೇವು, ಹಿಂಡಿ, ನೀರಿಗೆ ಸೇರಿದರೆ ಗಬ್ಬದ ಮೇಕೆ ಕುರಿ ಕಂದು ಹಾಕುತ್ತವೆ. ಬಸುರಿ ಹೆಂಗಸರಿಗೂ ಅಪಾಯ. ಬೆಕ್ಕನ್ನು ಓಡಿಸಬೇಕಾಗಿಲ್ಲ. ಹಿಂಡಿ ಬೂಸಾ ಮುಚ್ಚಿಡಿ. ಮರಿಗಳಿಗೆ ಒಂದು ಮೂಲೆಯಲ್ಲಿ ಮರಳು, ಬೂದಿ ಹಾಕಿ ಅಲ್ಲೇ ರೂಢಿ ಮಾಡಿಸಿ, ದಿನಾ ತೆಗೆದು ಹೂಳಿ. ಹೇಲಿನಲ್ಲಿರುವ ಪರಾವಲಂಬಿ ಸೋಂಕು ಹರಡುವಂತಾಗಲು ಕಡಿಮೆ ಅಂದರೂ ಒಂದು ದಿನ ಬೇಕು, ಆದ್ದರಿಂದ ದಿನಾ ತೆಗೆದರೆ ಅಪಾಯ ಬಹಳ ಕಡಿಮೆ. ಆ ಕೆಲಸ ಬಸುರಿಯರಿಗೆ ಹೇಳಬೇಡಿ.

ಮೂರು ತಿಂಗಳಿಗೆ ಹುಚ್ಚುರೋಗದ ಚುಚ್ಚುಮದ್ದು ಹಾಕಿಸಿ. ಬೆಕ್ಕು ಕಚ್ಚಿದರೆ, ಪರಚಿದರೆ ಹದಿನೈದು ನಿಮಿಷ ಸೋಪು ನೀರಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ. ನಾಯಿ ಅಲ್ಲವಲ್ಲ ಅಂತ ಸುಮ್ಮನಿರಬೇಡಿ.

ಕೊನೆಯದು. ಮರಿಗಳು ಹಾಲು ಕುಡಿಯುತ್ತಿರುವಾಗಲೇ ತಾಯಿ ಮತ್ತೆ ಬಸಿರಾಗಬಹುದು. ಮರಿಯೂ ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಹುದು. ಒಂದು ಸೂಲಾದರೂ ಆಗಲೇಬೇಕು, ಆಮೇಲೆ ಆಪರೇಷನ್ನು ಅನ್ನುವುದಕ್ಕೆ ಆಧಾರವಿಲ್ಲ. ಸಾಕಲಾರದಷ್ಟು ಮರಿ ಹುಟ್ಟಿಸಿ ಚೀಲದಲ್ಲಿ ಕಟ್ಟಿ ಊರಾಚೆ ಬಿಡುವುದಕ್ಕಿಂತ ಸಂತಾನಹರಣ ಮಾಡಿಸುವುದು ಮೇಲು. ನಮ್ಮ ಬೆಕ್ಕಿಗೆ ಎರಡು ಸೂಲಾದ ಮೇಲೆ ಮಾಡಿಸಿದೆ. ಇಲಿ ಹಿಡಿಯುವುದು ಏನೂ ಕಮ್ಮಿಯಾಗಿಲ್ಲ.

ನಾನು ಏಳನೇ ಇಯತ್ತೆ ಓದಿದವನು. ಡಾಕ್ಟ್ರು ಹೇಳಿದ್ದು, ಕಣ್ಣಲ್ಲಿ ಕಂಡದ್ದು ಇಷ್ಟು. ನಿಮ್ಮ ಬಣವೆ ಸಂದಿಯಲ್ಲಿ ನಾಳೆ ನಾಲ್ಕು ಮರಿ ಕಂಡರೆ ಮುಟ್ಟಿ ಬೆಚ್ಚಗಿವೆಯಾ ನೋಡಿ, ಸುತ್ತ ಬೂದಿ ಉದುರಿಸಿ, ಮನೆಗೆ ಹೋಗಿ ಕಾಫಿ ಕುಡಿಯಿರಿ. ತಾಯಿ ಬರುತ್ತದೆ. ನಿಮ್ಮ ಕಡೆ ಬೇರೆ ಅನುಭವ ಇದ್ದರೆ ಪತ್ರಿಕೆಗೆ ಬರೆಯಿರಿ, ನನಗೂ ತಿಳಿಯಲಿ.